ಬಾದಾಮಿ ನೋಡಿದವರಿಗೆ ಯೂಟಾದ ಕೆಂಪು ಬಂಡೆ ಯಾಕೆ? ಅಪ್ಪ-ಅಮ್ಮನ ಜೊತೆ ಒಂಬತ್ತು ದಿನದ ಕಾರು ಪ್ರವಾಸ

ಪ್ರಶ್ನೆ: ನಾವು ಅಮೆರಿಕದ ಆಸ್ಟಿನ್‌ನಲ್ಲಿದ್ದೇವೆ. ಜೂನ್ ಕೊನೆಗೆ ಅಪ್ಪ-ಅಮ್ಮ ಧಾರವಾಡದಿಂದ ಬರುತ್ತಿದ್ದಾರೆ. ಅಪ್ಪನಿಗೆ 69 ವರ್ಷ, ಮಂಡಿ ನೋವು. ಅಮ್ಮನಿಗೆ 64, ಬಿಪಿ, ಶುಗರ್ ಎರಡೂ ಇದೆ. ನಮ್ಮ ಮಗನಿಗೆ ಆರು ವರ್ಷ. ಲಾಸ್ ವೇಗಸ್‌ನಲ್ಲಿ ಇಳಿದು, ಗಾಡಿ ಬಾಡಿಗೆಗೆ ತಗೊಂಡು, ಒಂಬತ್ತು ದಿನದಲ್ಲಿ ಝಯಾನ್, ಬ್ರೈಸ್, ಕ್ಯಾಪಿಟಲ್ ರೀಫ್, ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್, ಮಾನ್ಯುಮೆಂಟ್ ವ್ಯಾಲಿ, ಆಂಟಿಲೋಪ್ ಕ್ಯಾನ್ಯನ್, ಗ್ರ್ಯಾಂಡ್ ಕ್ಯಾನ್ಯನ್ ಎಲ್ಲವನ್ನೂ ತೋರಿಸುವ ಆಸೆ. ಆಗುತ್ತಾ? ಆರ್‌ವಿ (ಮಲಗಲು, ಅಡುಗೆ ಮಾಡಲು ಜಾಗ ಇರುವ ದೊಡ್ಡ ಗಾಡಿ) ತಗೊಳ್ಳೋದಾ, ಕಾರಾ? ಅಮ್ಮ ಸೀರೆಯನ್ನೇ ಉಡೋದು, ನಾವೆಲ್ಲ ಸಸ್ಯಾಹಾರಿಗಳು. ಅಪ್ಪ ಅಂತೂ "ಬಾದಾಮಿಯಲ್ಲೇ ಕೆಂಪು ಬಂಡೆ ನೋಡಿದ್ದೀವಲ್ಲ, ಅದಕ್ಕೆ ಅಷ್ಟು ದೂರ ಯಾಕೆ" ಅಂತ ಕೇಳುತ್ತಾರೆ.

ಉತ್ತರ: ಹೋಗಿ ಬನ್ನಿ, ಖಂಡಿತ ಆಗುತ್ತೆ. ಆದರೆ ಎಂಟೂ ಜಾಗ ಬೇಡ. ಐದು ನೋಡಿ, ಚೆನ್ನಾಗಿ ನೋಡಿ. ಯಾವ ಐದು ಅನ್ನುವುದನ್ನು ಮ್ಯಾಪಿನಲ್ಲಿರುವ ದೂರ ನೋಡಿ ನಿರ್ಧರಿಸಬೇಡಿ, ಎತ್ತರ ನೋಡಿ ನಿರ್ಧರಿಸಿ. ನಿಮ್ಮ ಪ್ರವಾಸದ ಅರ್ಧ ಪ್ರಶ್ನೆಗಳಿಗೆ ಅದರಲ್ಲೇ ಉತ್ತರ ಇದೆ. ತಂದೆಯವರ ಬಾದಾಮಿ ಪ್ರಶ್ನೆಗೂ ಅಲ್ಲೇ ಉತ್ತರ ಸಿಗುತ್ತೆ.

ಮೊದಲು ಬಿಸಿಲಿನ ಮಾತು. ಜೂನ್ ಕೊನೆ ಅಂದರೆ ಈ ಕಡೆ ವರ್ಷದಲ್ಲೇ ಅತಿ ಒಣ ಕಾಲ, ಬಿಸಿಲೂ ಸುಡುತ್ತೆ. ಝಯಾನ್ ಕಣಿವೆಯ ತಳ ಸುಮಾರು 4,000 ಅಡಿಯಲ್ಲಿದೆ. ಆರ್ಚಸ್ ಪಕ್ಕದ ಮೋಆಬ್ ಊರೂ ಅಷ್ಟೇ. ಎರಡು ಕಡೆಯೂ ಮಧ್ಯಾಹ್ನ 38 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಅದೇ ದಿನ ಬ್ರೈಸ್‌ನಲ್ಲಿ, 8,000 ಅಡಿಯ ಮೇಲೆ, 25-26 ಡಿಗ್ರಿ ಇರುತ್ತೆ. ಬೆಳಗಿನ ಜಾವ ಸ್ವೆಟರ್ ಬೇಕು. ಗ್ರ್ಯಾಂಡ್ ಕ್ಯಾನ್ಯನ್‌ನ ಸೌತ್ ರಿಮ್, ಅಂದರೆ ದಕ್ಷಿಣದ ಅಂಚು, 7,000 ಅಡಿ, ಅಲ್ಲೂ ಹಿತವಾಗಿರುತ್ತೆ. ಹಿರಿಯರು, ಮಗು ಇರುವ ಕುಟುಂಬ ಹೆಚ್ಚು ರಾತ್ರಿಗಳನ್ನು ಎತ್ತರದಲ್ಲಿ ಕಳೆಯಬೇಕು. ತಗ್ಗಿನ ಜಾಗಗಳಿಗೆ ಬೆಳಗ್ಗೆ ಬೇಗ ಅಥವಾ ಸಂಜೆ ಇಳಿದು ಬರಬೇಕು. ರಜೆಯನ್ನು ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ ಮೊದಲಿಗೋ ತಳ್ಳಲು ಆಗುವುದಾದರೆ ಕಣ್ಣುಮುಚ್ಚಿ ತಳ್ಳಿ. ಮಗುವಿನ ಸ್ಕೂಲ್ ಇದೆ, ಆಗಲ್ಲ ಅಂದರೆ ಜೂನ್‌ಗೇ ಒಂದು ಒಳ್ಳೆ ದಾರಿ ಇದೆ.

ಹಾಗಾಗಿ ನಾನು ತೆಗೆದುಹಾಕುವುದು ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್, ಆಂಟಿಲೋಪ್. ಬೇಜಾರಾಗುತ್ತೆ, ಗೊತ್ತು. ಆರ್ಚಸ್‌ನಲ್ಲಿ 2,000ಕ್ಕೂ ಹೆಚ್ಚು ಕಲ್ಲಿನ ಕಮಾನುಗಳಿವೆ. ಆದರೆ ಎಲ್ಲರೂ ನೋಡಬೇಕು ಅನ್ನುವ ಡೆಲಿಕೇಟ್ ಆರ್ಚ್‌ಗೆ ಹೋಗಿ ಬರಲು ಮೂರು ಮೈಲಿ ನಡೆಯಬೇಕು. ಅದರಲ್ಲಿ ದೊಡ್ಡ ಭಾಗ ನೆರಳಿಲ್ಲದ ಬೋಳು ಬಂಡೆಯ ಏರು. ಜೂನ್‌ನಲ್ಲಿ ಮಂಡಿ ನೋವಿದ್ದವರನ್ನು ಅಲ್ಲಿಗೆ ಹತ್ತಿಸಬೇಡಿ. ದೂರದಿಂದ ನೋಡಲು ಕೆಳಗೊಂದು ಜಾಗ ಇದೆ, ಆದರೆ ಅಷ್ಟಕ್ಕೆ ಎರಡು ದಿನ ಕೊಡುವುದು ಬೇಡ. ಆಂಟಿಲೋಪ್ ಇರುವುದು ಪೇಜ್ ಅನ್ನುವ ಊರಿನಲ್ಲಿ. ಅದೂ ತಗ್ಗಿನ, ಬಿಸಿ ಊರು. ಗೈಡ್ ಜೊತೆಯಲ್ಲೇ, ಕೊಟ್ಟ ಸಮಯಕ್ಕೇ ಒಳಗೆ ಹೋಗಬೇಕು. ಲೋವರ್ ಆಂಟಿಲೋಪ್‌ನಲ್ಲಿ ಕಡಿದಾದ ಕಬ್ಬಿಣದ ಏಣಿಗಳಿವೆ. ನೀವು ಅಮೆರಿಕದಲ್ಲೇ ಇರುವವರು. ಸಾಲ್ಟ್ ಲೇಕ್ ಸಿಟಿಗೆ ವಿಮಾನದಲ್ಲಿ ಬಂದರೆ ಮೋಆಬ್ ನಾಲ್ಕು ಗಂಟೆಯ ದಾರಿ. ಒಂದು ಅಕ್ಟೋಬರ್‌ನಲ್ಲಿ ನೀವೇ ಬನ್ನಿ.

ಇನ್ನು ದಾರಿ. ಝಯಾನ್ ಹತ್ತಿರ ಎರಡು ರಾತ್ರಿ, ಬ್ರೈಸ್‌ನಲ್ಲಿ ಎರಡು, ಕ್ಯಾಪಿಟಲ್ ರೀಫ್ ಪಕ್ಕದ ಟೋರಿಯಲ್ಲಿ ಒಂದು, ಮಾನ್ಯುಮೆಂಟ್ ವ್ಯಾಲಿಯಲ್ಲಿ ಒಂದು, ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಎರಡು. ಒಂಬತ್ತನೇ ದಿನ ವಾಪಸ್ ವೇಗಸ್. ಊರಿಂದೂರಿಗೆ ಸುಮಾರು 1,100 ಮೈಲಿ. ಹೊರಟ ಜಾಗಕ್ಕೇ ಬರುವುದರಿಂದ ಗಾಡಿ ಬೇರೆ ಕಡೆ ಬಿಟ್ಟಿದ್ದಕ್ಕೆ ಕೊಡುವ ಹೆಚ್ಚಿನ ದುಡ್ಡೂ ಉಳಿಯುತ್ತೆ. ಆರ್‌ವಿ ಬೇಡ. ಝಯಾನ್‌ನಿಂದ ಪೂರ್ವಕ್ಕೆ ಹೋಗುವ ಸುರಂಗ 1930ರಲ್ಲಿ ಮುಗಿದದ್ದು, ಆ ಕಾಲದ ಸಣ್ಣ ಕಾರುಗಳಿಗೆ ಕೊರೆದದ್ದು. ದೊಡ್ಡ ಗಾಡಿಗಳಿಗೆ ಆ ದಾರಿಯಲ್ಲಿ ನಿರ್ಬಂಧ ಇದೆ. ಐದು ಜನಕ್ಕೆ ಮಿನಿವ್ಯಾನ್ ಸಾಕು, ಬಾಗಿಲು ಜಾರಿಸಿ ತೆಗೆಯುವುದರಿಂದ ಮಂಡಿ ನೋವಿನವರಿಗೆ ಹತ್ತಿ ಇಳಿಯಲು ಸಲೀಸು. ಫೋರ್ ವೀಲ್ ಡ್ರೈವ್ ಬೇಕಿಲ್ಲ, ಈ ದಾರಿಯೆಲ್ಲ ಡಾಂಬರು ರಸ್ತೆಯೇ.

ಈಗ ಬಾದಾಮಿ ವಿಷಯ. ನಿಮ್ಮ ತಂದೆಯವರು ಕೇಳಿದ್ದು ಒಳ್ಳೆ ಪ್ರಶ್ನೆ. ಬಾದಾಮಿಯ ಬಂಡೆಯೂ ಮರಳುಗಲ್ಲು, ಝಯಾನ್‌ನದೂ ಮರಳುಗಲ್ಲು. ಎರಡಕ್ಕೂ ಕೆಂಪು ಬಂದದ್ದು ಕಬ್ಬಿಣದ ಅಂಶದಿಂದ. ಕಬ್ಬಿಣದ ತುಕ್ಕು ಮರಳಿನ ಕಾಳುಗಳ ಮೈಗೆ ತೆಳುವಾಗಿ ಮೆತ್ತಿಕೊಂಡಿರುತ್ತೆ, ಅದೇ ಬಣ್ಣ. ವಯಸ್ಸಿನಲ್ಲಿ ಬಾದಾಮಿಯೇ ಹಿರಿದು, ತುಂಬಾ ಹಿರಿದು. ಆದರೆ ಬಾದಾಮಿಯ ಮರಳನ್ನು ತಂದು ಹಾಸಿದ್ದು ನದಿಗಳು. ಝಯಾನ್‌ನ ದೊಡ್ಡ ಗೋಡೆಗಳ ಮರಳನ್ನು ತಂದದ್ದು ಗಾಳಿ. ಸುಮಾರು 18-19 ಕೋಟಿ ವರ್ಷಗಳ ಹಿಂದೆ ಅಲ್ಲೊಂದು ಮರುಭೂಮಿ ಇತ್ತು. ಅದರ ಮರಳು ದಿಬ್ಬಗಳೇ ಹಾಗೆ ಹಾಗೇ ಕಲ್ಲಾಗಿವೆ. ಇದನ್ನು ನವಾಹೋ ಮರಳುಗಲ್ಲು ಅನ್ನುತ್ತಾರೆ.

ಇದನ್ನು ಪುಸ್ತಕ ಓದಿ ನಂಬಬೇಕಿಲ್ಲ. ಮೂರನೇ ದಿನ ಝಯಾನ್ ಸುರಂಗ ದಾಟಿ ಪೂರ್ವದ ಗೇಟಿಗೆ ಹೋಗುವಾಗ ಚೆಕರ್‌ಬೋರ್ಡ್ ಮೇಸಾ ಅನ್ನುವ ಬೂದು-ಬಿಳಿ ಗುಡ್ಡ ರಸ್ತೆ ಪಕ್ಕದಲ್ಲೇ ಸಿಗುತ್ತೆ. ಗಾಡಿ ನಿಲ್ಲಿಸಿ, ತಂದೆಯವರನ್ನು ಇಳಿಸಿ. ಗುಡ್ಡದ ಮೈತುಂಬ ಅಡ್ಡ ಗೆರೆಗಳಿರುತ್ತವೆ. ಆದರೆ ನೆಟ್ಟಗೆ ಅಡ್ಡಕ್ಕಿಲ್ಲ, ಓರೆಯಾಗಿವೆ. ಸ್ವಲ್ಪ ದೂರ ಒಂದು ಕಡೆಗೆ ವಾಲಿ, ಕತ್ತರಿಸಿದ ಹಾಗೆ ನಿಂತು, ಅದರ ಮೇಲಿಂದ ಇನ್ನೊಂದು ಕಂತೆ ಬೇರೆ ಕಡೆಗೆ ವಾಲುತ್ತೆ. ಗಾಳಿ ದಿಬ್ಬದ ಒಂದು ಕಡೆಯಿಂದ ಮರಳನ್ನು ಹೊತ್ತು ಇನ್ನೊಂದು ಕಡೆ ಸುರಿದ ಇಳಿಜಾರು ಅದು. ಗಾಳಿಯ ದಿಕ್ಕು ಬದಲಾದಾಗ ಗೆರೆಯ ದಿಕ್ಕೂ ಬದಲಾಗಿದೆ. ರಸ್ತೆ ಪಕ್ಕ ಉದುರಿದ ಮರಳನ್ನು ಅಂಗೈ ಮೇಲೆ ಹಾಕಿಕೊಂಡು ನೋಡಲು ಹೇಳಿ. ಕಾಳುಗಳು ಗುಂಡಗಿರುತ್ತವೆ, ಹೊಳಪಿಲ್ಲದೆ ಮಸುಕಾಗಿರುತ್ತವೆ. ಗಾಳಿಯಲ್ಲಿ ಒಂದಕ್ಕೊಂದು ಬಡಿದು ಹಾಗಾದದ್ದು. ನೋಡಿ ಆದ ಮೇಲೆ ಅಲ್ಲೇ ಸುರಿದುಬಿಡಿ, ಪಾರ್ಕಿನಿಂದ ಕಲ್ಲು ಮಣ್ಣು ಏನೂ ತರುವ ಹಾಗಿಲ್ಲ.

ಇನ್ನೂ ದೊಡ್ಡ ಕಾರಣ ಇದೆ. ಗ್ರ್ಯಾಂಡ್ ಕ್ಯಾನ್ಯನ್, ಝಯಾನ್, ಬ್ರೈಸ್ ಮೂರೂ ಬೇರೆ ಬೇರೆ ಜಾಗ ಅಂತ ಜನ ನೋಡಿ ಬರುತ್ತಾರೆ. ಅವು ಒಂದೇ ಮೆಟ್ಟಿಲಸಾಲು. ಗ್ರ್ಯಾಂಡ್ ಕ್ಯಾನ್ಯನ್‌ನ ಅಂಚಿನಲ್ಲಿ ನೀವು ಯಾವ ಸುಣ್ಣದ ಕಲ್ಲಿನ ಮೇಲೆ ನಿಲ್ಲುತ್ತೀರೋ, ಅದು ಸುಮಾರು 27 ಕೋಟಿ ವರ್ಷದ್ದು. ಉತ್ತರಕ್ಕೆ ಹೋದ ಹಾಗೆ ಅದು ನೆಲದೊಳಗೆ ಸೇರಿ ಝಯಾನ್‌ನ ಅಡಿಪಾಯ ಆಗುತ್ತೆ. ಝಯಾನ್‌ನ ಗೋಡೆಯ ಕಲ್ಲು ಇನ್ನೂ ಉತ್ತರಕ್ಕೆ ಹೋಗಿ ಬ್ರೈಸ್‌ನ ಅಡಿಗೆ ಸೇರುತ್ತೆ. ಬ್ರೈಸ್‌ನ ಗುಲಾಬಿ ಕಲ್ಲು ಎಲ್ಲಕ್ಕಿಂತ ಮೇಲಿನ ಮೆಟ್ಟಿಲು, ಹೆಚ್ಚುಕಡಿಮೆ ಐದು ಕೋಟಿ ವರ್ಷದ ಹಿಂದಿನ ಕೆರೆ-ಹೊಳೆಗಳ ಕೆಸರು. 1880ರ ಸುಮಾರಿಗೆ ಕ್ಲಾರೆನ್ಸ್ ಡಟನ್ ಅನ್ನುವ ಭೂವಿಜ್ಞಾನಿ ಈ ಸಾಲನ್ನು ಮೊದಲು ಮೆಟ್ಟಿಲು ಅಂತ ಬಣ್ಣಿಸಿದ. ಈಗ ಗ್ರ್ಯಾಂಡ್ ಸ್ಟೇರ್‌ಕೇಸ್ ಅನ್ನುತ್ತಾರೆ. ನೀವು ಮೂರನೇ ದಿನ ಝಯಾನ್‌ನಿಂದ ಬ್ರೈಸ್‌ಗೆ ಹೋಗುವಾಗ ಎರಡು ಗಂಟೆಯ ದಾರಿಯಲ್ಲಿ 4,000 ಅಡಿ ಹತ್ತುತ್ತೀರಿ. ಅಷ್ಟೇ ಹೊತ್ತಿನಲ್ಲಿ ಹತ್ತಾರು ಕೋಟಿ ವರ್ಷ ಮುಂದಕ್ಕೂ ಬಂದಿರುತ್ತೀರಿ. ಇಷ್ಟು ಪದರ ಒಂದರ ಮೇಲೊಂದು ಕೆಡದೆ, ಹೆಚ್ಚು ಮುರಿಯದೆ, ಮಣ್ಣು ಕಾಡು ಮುಚ್ಚದೆ ಕಾಣುವ ಜಾಗ ಪ್ರಪಂಚದಲ್ಲೇ ಕಡಿಮೆ. ಅದಕ್ಕೇ ಅಷ್ಟು ದೂರ ಹೋಗುವುದು.

ಝಯಾನ್‌ಗೆ ಒಂದು ಪೂರ್ತಿ ದಿನ ಸಾಕು. ಮಾರ್ಚ್‌ನಿಂದ ನವೆಂಬರ್‌ವರೆಗೆ ಕಣಿವೆಯ ಒಳರಸ್ತೆಗೆ ಸ್ವಂತ ಗಾಡಿ ಬಿಡುವುದಿಲ್ಲ, ಪಾರ್ಕಿನದೇ ಉಚಿತ ಬಸ್ ಇದೆ. ಬೆಳಗಿನ ಮೊದಲ ಬಸ್ಸುಗಳಲ್ಲೇ ಹತ್ತಿ, ನೇರ ಕೊನೆಯ ಸ್ಟಾಪಿಗೆ ಹೋಗಿ. ಅಲ್ಲಿಂದ ವರ್ಜಿನ್ ನದಿಯ ಪಕ್ಕ ರಿವರ್‌ಸೈಡ್ ವಾಕ್ ಇದೆ. ಹೋಗಿ ಬರಲು 2 ಮೈಲಿಗಿಂತ ಸ್ವಲ್ಪ ಜಾಸ್ತಿ, ಗಟ್ಟಿ ದಾರಿ, ಏರು ತೀರ ಕಡಿಮೆ, ಬೆಳಗ್ಗೆ ನೆರಳು. ಪೂರ್ತಿ ಹೋಗಲೇಬೇಕು ಅಂತಿಲ್ಲ. ಗೋಡೆಯಿಂದ ನೀರು ಜಿನುಗಿ ಜರೀಗಿಡಗಳು ನೇತಾಡುವ ಜಾಗಗಳನ್ನು ಅಮ್ಮನಿಗೆ ತೋರಿಸಿ. ಮೇಲೆ ಬಿದ್ದ ಮಳೆ ಮರಳುಗಲ್ಲಿನೊಳಗೆ ಇಳಿದು, ಕೆಳಗಿನ ಗಟ್ಟಿ ಪದರ ತಡೆದಾಗ ಪಕ್ಕಕ್ಕೆ ಹೊರಬರುತ್ತೆ. ಹೀಗೆ ಹೊರಬರುವ ನೀರಿನಲ್ಲಿ ಸಾವಿರ ವರ್ಷ ಹಿಂದೆ ಬಿದ್ದ ಮಳೆಯೂ ಇದೆ. ಮಗನನ್ನು ನದಿ ಅಂಚಿನಲ್ಲಿ ಆಡಲು ಬಿಡುವ ಮುಂಚೆ ಅಲ್ಲಿನ ಬೋರ್ಡ್ ಓದಿ. ಕೆಲವು ಕಾಲ ನೀರಿನಲ್ಲಿ ವಿಷದ ಪಾಚಿ ಇರುತ್ತೆ, ಬಾಯಿಗೆ ಹೋಗಬಾರದು. ಹತ್ತೂವರೆಗೆಲ್ಲ ರೂಮಿಗೆ ವಾಪಸ್. ಏಂಜಲ್ಸ್ ಲ್ಯಾಂಡಿಂಗ್ ಅನ್ನುವ ಸರಪಳಿ ಹಿಡಿದು ಹತ್ತುವ ಶಿಖರದ ಬಗ್ಗೆ ಯಾರಾದರೂ ಹೇಳಿದರೆ ಈ ಸಲ ಮರೆತುಬಿಡಿ. 2022ರಿಂದ ಅದಕ್ಕೆ ಲಾಟರಿ ಮೂಲಕ ಪರ್ಮಿಟ್ ಬೇಕು, ಮಗು ಜೊತೆ ಹೋಗುವ ಜಾಗವೂ ಅಲ್ಲ.

ದಿನದ ಕ್ರಮ ಎಲ್ಲಾ ಕಡೆ ಹೀಗೇ ಇರಲಿ. ಬೆಳಗ್ಗೆ ಆರರಿಂದ ಹತ್ತು ಹೊರಗೆ. ಮಧ್ಯಾಹ್ನ ಊಟ, ನಿದ್ದೆ ಅಥವಾ ಎಸಿ ಗಾಡಿಯಲ್ಲಿ ಪ್ರಯಾಣ. ಸಂಜೆ ಆರರ ಮೇಲೆ ಮತ್ತೆ ಹೊರಗೆ. ಜೂನ್‌ನಲ್ಲಿ ಯೂಟಾದಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ಹತ್ತಿರ, ಹಾಗಾಗಿ ಸಂಜೆ ಮೂರು ಗಂಟೆ ಸಿಗುತ್ತೆ. ಬಂಡೆಯ ಬಣ್ಣ ಏಳುವುದೂ ಆ ಹೊತ್ತಿಗೇ. ನಡು ಮಧ್ಯಾಹ್ನ ಎಲ್ಲವೂ ಬಿಳಚಿಕೊಂಡಿರುತ್ತೆ.

ಬ್ರೈಸ್‌ಗೆ ಎರಡು ರಾತ್ರಿ ಯಾಕೆ ಅಂದರೆ, ಹಿರಿಯರಿಗೆ ಇಡೀ ಪ್ರವಾಸದಲ್ಲಿ ಅತಿ ಸುಲಭವಾಗಿ ಅತಿ ಹೆಚ್ಚು ಸಿಗುವುದು ಅಲ್ಲೇ. ಸನ್‌ರೈಸ್ ಪಾಯಿಂಟ್‌ನಿಂದ ಸನ್‌ಸೆಟ್ ಪಾಯಿಂಟ್‌ವರೆಗೆ ಅರ್ಧ ಮೈಲಿ ಡಾಂಬರು ದಾರಿ ಇದೆ, ಹೆಚ್ಚುಕಡಿಮೆ ಮಟ್ಟಸ, ಕೂರಲು ಬೆಂಚುಗಳೂ ಇವೆ. ಕೆಳಗೆ ಸಾವಿರಾರು ಕಲ್ಲಿನ ಕಂಬಗಳು, ಅವನ್ನು ಹುಡೂ ಅನ್ನುತ್ತಾರೆ. ಹೆಸರಿನಲ್ಲಿ ಕ್ಯಾನ್ಯನ್ ಇದ್ದರೂ ಇದು ನದಿ ಕೊರೆದ ಕಣಿವೆಯಲ್ಲ. ವರ್ಷದಲ್ಲಿ ಸುಮಾರು 170ರಿಂದ 200 ದಿನ ಹಗಲು ಹಿಮ ಕರಗಿ ನೀರಾಗಿ ರಾತ್ರಿ ಮತ್ತೆ ಹೆಪ್ಪುಗಟ್ಟುತ್ತೆ. ಬಿರುಕಿನೊಳಗಿನ ನೀರು ಹೆಪ್ಪುಗಟ್ಟಿದಾಗ ಹಿಗ್ಗಿ ಕಲ್ಲನ್ನು ಸೀಳುತ್ತೆ. ಸೀಳಿದ್ದನ್ನು ಮಳೆ ತೊಳೆಯುತ್ತೆ. ಉಳಿದದ್ದು ಕಂಬ. ಅಂಚೇ ನೂರು ವರ್ಷಕ್ಕೆ ಕೆಲವು ಅಡಿಯಷ್ಟು ಹಿಂದಕ್ಕೆ ಸರಿಯುತ್ತಿದೆ, ಅದಕ್ಕೇ ಬೇಲಿ ಇಲ್ಲದ ಕಡೆ ಅಂಚಿಗೆ ಹೋಗಬೇಡಿ ಅಂತ ರೇಂಜರ್‌ಗಳು ಹೇಳುವುದು. ನೀವು ಗಂಡ-ಹೆಂಡತಿಯಲ್ಲಿ ಒಬ್ಬರು ಮಗನನ್ನು ಕರೆದುಕೊಂಡು ಕೆಳಗಿನ ಕ್ವೀನ್ಸ್ ಗಾರ್ಡನ್ ದಾರಿಯಲ್ಲಿ ಬೆಳಗ್ಗೆ ಒಂದು ಸುತ್ತು ಹೋಗಿ ಬರಬಹುದು. ಅಪ್ಪ-ಅಮ್ಮ ಮೇಲೆ ಕೂತಿರಲಿ. ಇಲ್ಲಿ ಮೊದಲು ಇಳಿಯುವುದು, ಆಮೇಲೆ ಹತ್ತುವುದು. ಇಳಿಯುವಾಗ ಹಗುರ ಅನ್ನಿಸಿ ದೂರ ಹೋಗಿಬಿಡುತ್ತಾರೆ, ವಾಪಸ್ ಬರುವಾಗ 8,000 ಅಡಿಯ ಗಾಳಿ ಸಾಲದೆ ಏದುಸಿರು ಬರುತ್ತೆ. ಅಮ್ಮನಿಗೂ ಮೊದಲ ದಿನ ನಿಧಾನವಾಗಿ ನಡೆಯಲು ಹೇಳಿ.

ಬ್ರೈಸ್‌ನ ರಾತ್ರಿ ತಪ್ಪಿಸಬೇಡಿ. ಆಕಾಶ ಅಷ್ಟು ಕಪ್ಪು, ಆಕಾಶಗಂಗೆ ಬರಿಗಣ್ಣಿಗೆ ಕಾಣುತ್ತೆ. ಪಂಚಾಂಗ ನೋಡಿ ಬ್ರೈಸ್‌ನ ಎರಡು ರಾತ್ರಿಗಳನ್ನು ಅಮಾವಾಸ್ಯೆಯ ಹತ್ತಿರಕ್ಕೆ ಹೊಂದಿಸಲು ಆಗುತ್ತಾ ನೋಡಿ. ಜಾಕೆಟ್, ಕಿವಿಗೆ ಟೋಪಿ ಬೇಕು.

ಐದನೇ ದಿನದ ಹೈವೇ 12 ನನಗೆ ಯಾವ ಪಾರ್ಕಿಗೂ ಕಡಿಮೆಯಲ್ಲ. ಬ್ರೈಸ್‌ನಿಂದ ಟೋರಿಗೆ ಸುಮಾರು 115 ಮೈಲಿ. ಗೂಗಲ್ ಎರಡೂವರೆ ಗಂಟೆ ಅನ್ನುತ್ತೆ, ನೀವು ಆರು ಗಂಟೆ ಇಟ್ಟುಕೊಳ್ಳಿ. ಎಸ್ಕಲಾಂಟೆ ದಾಟಿದ ಮೇಲೆ ಒಂದು ತಿರುವಿನಲ್ಲಿ ನೆಲವೆಲ್ಲ ಬೋಳು ಬಿಳಿ ಬಂಡೆಯಾಗಿ ಹರಡಿಕೊಳ್ಳುತ್ತೆ, ರಸ್ತೆ ಅದರ ಮೇಲೆ ಸುರುಳಿ ಸುತ್ತಿ ಇಳಿಯುತ್ತೆ. ಅಲ್ಲಿ ನಿಲ್ಲಿಸಲು ಜಾಗ ಇದೆ, ನಿಲ್ಲಿಸಿ. ಮುಂದೆ ಹಾಗ್‌ಬ್ಯಾಕ್ ಅನ್ನುವ ತುಂಡು, ಎರಡೂ ಪಕ್ಕ ಕಮರಿ, ನಡುವೆ ರಸ್ತೆ ಮಾತ್ರ. ಅಲ್ಲಿ ಓಡಿಸುವವರು ನೋಟ ನೋಡಬಾರದು. ಬೌಲ್ಡರ್ ಅನ್ನುವ ಪುಟ್ಟ ಊರು ಬರುತ್ತೆ. 1930ರ ದಶಕದಲ್ಲೂ ಆ ಊರಿಗೆ ಅಂಚೆ ಬರುತ್ತಿದ್ದದ್ದು ಹೇಸರಗತ್ತೆಯ ಮೇಲೆ. ಆಮೇಲೆ ರಸ್ತೆ 9,600 ಅಡಿಗೆ ಏರುತ್ತೆ. ಸುತ್ತ ಆಸ್ಪೆನ್ ಮರಗಳು, ತಣ್ಣನೆ ಗಾಳಿ, ಕೆಳಗೆ ದೂರದಲ್ಲಿ ಕೆಂಪು ಮರುಭೂಮಿ. ಬುತ್ತಿ ಊಟಕ್ಕೆ ಇದಕ್ಕಿಂತ ಒಳ್ಳೆ ಜಾಗ ಹೇಳಲಾರೆ. ಈ ದಾರಿಯಲ್ಲಿ ಫೋನ್ ಏನಾದರೂ "ಇಲ್ಲಿ ತಿರುಗಿದರೆ ಬೇಗ" ಅಂತ ಮಣ್ಣು ರಸ್ತೆ ತೋರಿಸಿದರೆ ಹೋಗಬೇಡಿ. ಇಲ್ಲಿನ ಜೇಡಿ ಒಂದು ಮಳೆಗೆ ಸೋಪಿನ ಹಾಗೆ ಜಾರುತ್ತೆ, ಎಷ್ಟೋ ಬಾಡಿಗೆ ಕಂಪನಿಗಳು ಮಣ್ಣು ರಸ್ತೆಗೆ ಗಾಡಿ ಒಯ್ಯಲು ಒಪ್ಪುವುದೂ ಇಲ್ಲ.

ಕ್ಯಾಪಿಟಲ್ ರೀಫ್‌ಗೆ ಜನ ಕಡಿಮೆ. ಹತ್ತಿರ ಹತ್ತಿರ 100 ಮೈಲಿ ಉದ್ದಕ್ಕೆ ಭೂಮಿಯ ಪದರಗಳು ಮಡಿಸಿಕೊಂಡು ನಿಂತಿವೆ. ಅದರ ನಡುವೆ ಫ್ರೂಟಾ ಅನ್ನುವ ಹಸಿರು ಜಾಗ. 1880ರ ದಶಕದಲ್ಲಿ ನೆಲೆಸಿದ ಮಾರ್ಮನ್ ಅನ್ನುವ ಕ್ರೈಸ್ತ ಪಂಗಡದ ಕುಟುಂಬಗಳು ನೆಟ್ಟ ತೋಟಗಳನ್ನು ಪಾರ್ಕಿನವರು ಈಗಲೂ ನೋಡಿಕೊಳ್ಳುತ್ತಾರೆ. ಜೂನ್ ಕೊನೆಗೆ ಚೆರ್ರಿ, ಏಪ್ರಿಕಾಟ್ ಹಣ್ಣಾಗುವ ಕಾಲ. ಹೂ ಬಿಡುವಾಗ ಹಿಮ ಬಿದ್ದ ವರ್ಷ ಮಾತ್ರ ಬೆಳೆ ಇರುವುದಿಲ್ಲ. ಕೀಳಬಹುದು ಅಂತ ಬೋರ್ಡ್ ಇರುವ ತೋಟಕ್ಕೆ ಹೋಗಿ, ಅಲ್ಲೇ ತಿಂದರೆ ದುಡ್ಡಿಲ್ಲ, ಮನೆಗೆ ಒಯ್ದರೆ ತೂಕ ಹಾಕಿ ಡಬ್ಬಿಗೆ ದುಡ್ಡು ಹಾಕಿ ಬರಬೇಕು. ಪಕ್ಕದಲ್ಲೇ ಮರದ ಹಲಗೆಯ ದಾರಿಯಲ್ಲಿ ನಿಂತು ಫ್ರೀಮಾಂಟ್ ಅನ್ನುವ ಹಿಂದಿನ ಕಾಲದ ಮೂಲನಿವಾಸಿ ಜನ ಬಂಡೆಯ ಮೇಲೆ ಕೆತ್ತಿದ ಚಿತ್ರಗಳನ್ನು ನೋಡಬಹುದು.

ಆರನೇ ದಿನ ಉದ್ದ ಪ್ರಯಾಣ, ನಿಲ್ಲುತ್ತಾ ಹೋದರೆ ಇಡೀ ದಿನ. ಹ್ಯಾಂಕ್ಸ್‌ವಿಲ್‌ನಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿ. ಅಲ್ಲಿಂದ ಹೈವೇ 95ರಲ್ಲಿ 120 ಮೈಲಿಯಷ್ಟು ಊರು ಅಂತ ಸಿಗುವುದಿಲ್ಲ, ಫೋನೂ ಬಹಳ ಕಡೆ ಸತ್ತಿರುತ್ತೆ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಂಡಿರಿ. ದಾರಿಯಲ್ಲಿ ನ್ಯಾಚುರಲ್ ಬ್ರಿಡ್ಜಸ್ ಅನ್ನುವ ಜಾಗ ಇದೆ. ಆರ್ಚಸ್ ತಪ್ಪಿದ ಬೇಸರ ಇಲ್ಲಿ ತೀರುತ್ತೆ. ಒಂಬತ್ತು ಮೈಲಿ ಡಾಂಬರು ಸುತ್ತಿನಲ್ಲಿ ಮೂರು ಭಾರಿ ಕಲ್ಲಿನ ಸೇತುವೆಗಳನ್ನು ಗಾಡಿ ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆದು ನೋಡಬಹುದು. ಇವನ್ನು ಹರಿಯುವ ಹೊಳೆ ಕೊರೆದದ್ದು. ಆರ್ಚಸ್‌ನ ಕಮಾನುಗಳು ಹಾಗಲ್ಲ, ಬಿರುಕಿಗೆ ಇಳಿದ ನೀರು, ಹಿಮ ಸೇರಿ ಕೊರೆದವು. 1908ರಲ್ಲಿ ಯೂಟಾದ ಮೊದಲ ರಾಷ್ಟ್ರೀಯ ಸ್ಮಾರಕವಾದ ಜಾಗ ಇದು. ಎತ್ತರ 6,500 ಅಡಿ, ಬಿಸಿಲೂ ಸ್ವಲ್ಪ ಸೌಮ್ಯ. ಅಲ್ಲಿಂದ ಹತ್ತಿರದ ದಾರಿ ಅಂತ ಹೈವೇ 261 ತೋರಿಸುತ್ತೆ. ಅದರ ಕೊನೆಯಲ್ಲಿ ಮೋಕಿ ಡಗ್‌ವೇ ಅನ್ನುವ ಜಲ್ಲಿಕಲ್ಲಿನ ಕಡಿದಾದ ಇಳುಕಲು ಇದೆ. ಬೇಡ, ಬ್ಲಫ್ ಊರಿನ ಮೇಲೆ ಸುತ್ತಿಕೊಂಡು ಹೋಗಿ.

ಮಾನ್ಯುಮೆಂಟ್ ವ್ಯಾಲಿ ನ್ಯಾಷನಲ್ ಪಾರ್ಕ್ ಅಲ್ಲ. ಅದು ನವಾಹೋ ಅನ್ನುವ ಮೂಲನಿವಾಸಿ ಜನರ ನೆಲ, ಅವರದೇ ಸರ್ಕಾರ ನಡೆಸುವ ಪಾರ್ಕ್. ನ್ಯಾಷನಲ್ ಪಾರ್ಕುಗಳ ವರ್ಷದ ಪಾಸ್ (ಅದರ ಲೆಕ್ಕ ಕೊನೆಗೆ ಹೇಳುತ್ತೇನೆ) ಅಲ್ಲಿ ನಡೆಯಲ್ಲ, ಬೇರೆ ಟಿಕೆಟ್ ತಗೊಳ್ಳಬೇಕು. 1864ರಲ್ಲಿ ಅಮೆರಿಕದ ಸೇನೆ ಈ ಜನರನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ನ್ಯೂ ಮೆಕ್ಸಿಕೋದಲ್ಲಿ ಕೂಡಿಹಾಕಿತ್ತು. 1868ರಲ್ಲಿ ಒಪ್ಪಂದ ಮಾಡಿಕೊಂಡು ಅವರು ವಾಪಸ್ ಬಂದರು. ಈ ಬಂಡೆಗಳ ನಡುವೆ ಇವತ್ತಿಗೂ ಮನೆಗಳಿವೆ, ಕುರಿ ಸಾಕುತ್ತಾರೆ. ಕೇಳದೆ ಜನರ ಫೋಟೊ ತೆಗೆಯಬೇಡಿ, ಡ್ರೋನ್ ಹಾರಿಸಬೇಡಿ. ಮದ್ಯ ಅಲ್ಲಿ ನಿಷೇಧ. 17 ಮೈಲಿಯ ಮಣ್ಣು ರಸ್ತೆಯಲ್ಲಿ ಸ್ವಂತ ಗಾಡಿ ಓಡಿಸುವ ಬದಲು ಸಂಜೆ ಒಬ್ಬ ನವಾಹೋ ಗೈಡ್‌ನ ಜೀಪ್ ತಗೊಳ್ಳಿ. ದುಡ್ಡು ಆ ಊರಿನವರಿಗೇ ಹೋಗುತ್ತೆ, ಕತೆಯೂ ಅವರ ಬಾಯಲ್ಲೇ ಕೇಳಿದ ಹಾಗಾಗುತ್ತೆ. ಜೀಪ್ ಕುಲುಕುತ್ತೆ, ತಂದೆಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ.

ಗಡಿಯಾರದ ಬಗ್ಗೆ ಎಚ್ಚರ. ವೇಗಸ್‌ನಿಂದ ಯೂಟಾಕ್ಕೆ ಬಂದಾಗ ಒಂದು ಗಂಟೆ ಮುಂದೆ. ಅರಿಝೋನಾ ಬೇಸಿಗೆಯಲ್ಲಿ ಗಡಿಯಾರ ಬದಲಿಸುವುದಿಲ್ಲ, ಆದರೆ ಅದರೊಳಗಿನ ನವಾಹೋ ಪ್ರದೇಶ ಬದಲಿಸುತ್ತೆ. ಹಾಗಾಗಿ ಏಳನೇ ದಿನ ಗ್ರ್ಯಾಂಡ್ ಕ್ಯಾನ್ಯನ್ ಕಡೆ ಬರುವಾಗ ಒಂದು ಗಂಟೆ ಹಿಂದಕ್ಕೆ ಬರುತ್ತೀರಿ. ಫೋನ್ ಹತ್ತಿರದ ಟವರ್ ನೋಡಿ ಏನೇನೋ ತೋರಿಸುತ್ತೆ. ಅಮ್ಮನ ಮಾತ್ರೆಗಳಿಗೆ ಒಂದು ಕೈಗಡಿಯಾರವನ್ನು ಬದಲಿಸದೆ ಇಟ್ಟುಕೊಳ್ಳಿ.

ಗ್ರ್ಯಾಂಡ್ ಕ್ಯಾನ್ಯನ್‌ಗೆ ಪೂರ್ವದ ಡೆಸರ್ಟ್ ವ್ಯೂ ಗೇಟಿನಿಂದ ಒಳಗೆ ಹೋಗುತ್ತೀರಿ, ದಕ್ಷಿಣದ ಗೇಟಿನಷ್ಟು ಸಾಲು ಇರುವುದಿಲ್ಲ. ಅಲ್ಲೊಂದು ಕಲ್ಲಿನ ಗೋಪುರ ಇದೆ, ಮೇರಿ ಕೋಲ್ಟರ್ ಅನ್ನುವ ವಾಸ್ತುಶಿಲ್ಪಿ 1932ರಲ್ಲಿ ಕಟ್ಟಿಸಿದ್ದು. ಅಲ್ಲಿಂದ ಲಾಡ್ಜುಗಳಿರುವ ಗ್ರ್ಯಾಂಡ್ ಕ್ಯಾನ್ಯನ್ ವಿಲೇಜ್ ಕಡೆ ಬರುವ 25 ಮೈಲಿಯಲ್ಲಿ ಒಂದೊಂದೇ ಪಾಯಿಂಟ್‌ನಲ್ಲಿ ನಿಲ್ಲಿಸುತ್ತಾ ಬನ್ನಿ. ನಿಮ್ಮ ತಂದೆಯವರಿಗೆ ಇಲ್ಲೊಂದು ಖುಷಿಯ ವಿಷಯ ಇದೆ. ಕಣಿವೆಯೊಳಗಿನ ಶಿಖರಗಳಿಗೆ ವಿಷ್ಣು ಟೆಂಪಲ್, ಶಿವ ಟೆಂಪಲ್, ಬ್ರಹ್ಮ ಟೆಂಪಲ್ ಅಂತ ಹೆಸರಿವೆ. ಕೃಷ್ಣ ಶ್ರೈನ್, ರಾಮ ಶ್ರೈನ್ ಕೂಡ ಇವೆ. ಗುಡಿ ಏನೂ ಇಲ್ಲ, ಶಿಖರಗಳೇ. ಮೊದಲಿಗೆ ಹೇಳಿದ ಡಟನ್ ಅವುಗಳ ಆಕಾರ ನೋಡಿ ಪೂರ್ವ ದೇಶಗಳ ದೇವಾಲಯ ನೆನೆದು ವಿಷ್ಣು, ಶಿವರ ಹೆಸರಿಟ್ಟ. ಆ ಚಾಳಿ ಮುಂದುವರಿಯಿತು. ಕಣಿವೆಯ ತೀರ ತಳದ ಕಪ್ಪು ಕಲ್ಲಿಗೆ ವಿಷ್ಣು ಶಿಸ್ಟ್ ಅನ್ನುತ್ತಾರೆ, ಸುಮಾರು 170 ಕೋಟಿ ವರ್ಷದ್ದು. ನೀವು ಹತ್ತಿ ಬಂದ ಮೆಟ್ಟಿಲಸಾಲಿನ ತಳಪಾಯ ಅದು. ಈ ಹೆಸರುಗಳು ಬರುವ ಎಷ್ಟೋ ಮುಂಚಿನಿಂದ ಹವಾಸುಪಾಯ್ ಅನ್ನುವ ಮೂಲನಿವಾಸಿ ಜನ ಈ ಕಣಿವೆಯಲ್ಲಿದ್ದಾರೆ, ಇವತ್ತಿಗೂ ಅವರ ಊರು ಕಣಿವೆಯೊಳಗೇ ಇದೆ. ಅದನ್ನೂ ಮಗನಿಗೆ ಹೇಳಿ.

ಎಂಟನೇ ದಿನ ಟ್ರೇಲ್ ಆಫ್ ಟೈಮ್ ನಡೆಯಿರಿ. ಅಂಚಿನುದ್ದಕ್ಕೂ ಮಟ್ಟಸ ದಾರಿ, ಒಂದು ಮೀಟರ್ ಅಂದರೆ ಹತ್ತು ಲಕ್ಷ ವರ್ಷ. ಆಯಾ ಕಾಲದ ಕಲ್ಲನ್ನು ದಾರಿ ಪಕ್ಕ ಇಟ್ಟಿದ್ದಾರೆ, ಮುಟ್ಟಿ ನೋಡಬಹುದು. ಯಾವಪಾಯ್ ಮ್ಯೂಸಿಯಂ ಕಡೆಯಿಂದ ಶುರು ಮಾಡಿ, ಸಾಕಾದ ಕಡೆ ಉಚಿತ ಬಸ್ ಹಿಡಿಯಿರಿ. ಕಣಿವೆಯೊಳಗೆ ಇಳಿಯುವುದು ಬೇಡ. ಅಂಚಿನಲ್ಲಿ 27 ಡಿಗ್ರಿ ಇದ್ದರೆ ತಳದಲ್ಲಿ 40ರ ಹತ್ತಿರ ಇರುತ್ತೆ. ನಾರ್ತ್ ರಿಮ್ ಯೋಚನೆ ಇದ್ದರೆ ಬಿಡಿ, 2025ರ ಕಾಡ್ಗಿಚ್ಚಿನಲ್ಲಿ ಅಲ್ಲಿನ ಹಳೆಯ ಲಾಡ್ಜೇ ಸುಟ್ಟುಹೋಯಿತು.

ಅಮ್ಮ ಸೀರೆ ಉಡಲಿ, ಏನೂ ತೊಂದರೆ ಇಲ್ಲ. ನಾನು ಹೇಳಿದ ನಡಿಗೆಗಳೆಲ್ಲ ಗಟ್ಟಿ ದಾರಿಯವು. ಹತ್ತಿ ಸೀರೆ, ಸ್ವಲ್ಪ ಮೇಲೆತ್ತಿ ಉಟ್ಟು, ಕಾಲಿಗೆ ಶೂ. ಚಪ್ಪಲಿ ಮಾತ್ರ ಬೇಡ, ಬಂಡೆಯ ಮೇಲಿನ ಪುಡಿ ಮರಳು ಜಾರುತ್ತೆ. ಪಾಯಿಂಟ್‌ಗಳಲ್ಲಿ ಗಾಳಿ ಜೋರು, ಸೆರಗಿಗೆ ಪಿನ್ ಇರಲಿ. ನೀರಿನ ವಿಷಯ ಬಹಳ ಮುಖ್ಯ. ನಮ್ಮೂರಿನಲ್ಲಿ ಬೆವರಿದ್ದು ಗೊತ್ತಾಗುತ್ತೆ. ಇಲ್ಲಿ ಗಾಳಿ ಎಷ್ಟು ಒಣ ಅಂದರೆ ಬೆವರು ಬಂದ ಕೂಡಲೇ ಆರಿಹೋಗುತ್ತೆ, ಮೈ ಒಣಗಿಯೇ ಇರುತ್ತೆ, ಬಾಯಾರಿಕೆ ಆಗುವಷ್ಟರಲ್ಲಿ ಸುಸ್ತು ಬಂದಿರುತ್ತೆ. ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರ್ ಹತ್ತಿರ ಲೆಕ್ಕ ಹಾಕಿ ಗಾಡಿಯಲ್ಲಿಡಿ. ಬರೀ ನೀರು ಕುಡಿದರೂ ಸಾಲದು, ಜೊತೆಗೆ ಉಪ್ಪಿನ ಅಂಶ ಹೋಗಬೇಕು. ಚಕ್ಕುಲಿ, ಕೋಡುಬಳೆ ಡಬ್ಬಿ ಸೀಟಿನ ಪಕ್ಕ ಇರಲಿ. ಆದರೆ ಅಮ್ಮನಿಗೆ ಬಿಪಿ ಇರುವುದರಿಂದ ಉಪ್ಪು ಎಷ್ಟು, ನೀರು ಎಷ್ಟು, ಬಿಸಿಲಲ್ಲಿ ಮಾತ್ರೆ ಹೇಗೆ ಅಂತ ಹೊರಡುವ ಮುಂಚೆ ಡಾಕ್ಟರ್ ಹತ್ತಿರ ಕೇಳಿಯೇ ಬರಲಿ. ಕೆಲವು ಬಿಪಿ ಮಾತ್ರೆಗಳು ಮೈಯಿಂದ ನೀರು ಹೊರಹಾಕುತ್ತವೆ. ಇನ್ಸುಲಿನ್ ಇದ್ದರೆ ನಿಲ್ಲಿಸಿದ ಗಾಡಿಯಲ್ಲಿ ಐದು ನಿಮಿಷವೂ ಬಿಡಬೇಡಿ.

ಊಟಕ್ಕೆ ಲಾಸ್ ವೇಗಸ್‌ನಲ್ಲೇ ಇಂಡಿಯನ್ ಗ್ರೋಸರಿಗೆ ಹೋಗಿ ಎಲ್ಲಾ ತುಂಬಿಕೊಳ್ಳಿ. ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಶೇಂಗಾ, ಮೊಸರು. ಅಡುಗೆಮನೆ ಇರುವ ಕ್ಯಾಬಿನ್ ಸಿಕ್ಕ ಕಡೆ ಅದನ್ನೇ ಬುಕ್ ಮಾಡಿ. ಬ್ರೈಸ್‌ನಲ್ಲಿ ನೀರು 92 ಡಿಗ್ರಿಯ ಹತ್ತಿರವೇ ಕುದಿಯುತ್ತೆ. ರೈಸ್ ಕುಕ್ಕರ್‌ನಲ್ಲಿ ಅನ್ನ ಅರೆಬೆಂದ ಹಾಗಿರುತ್ತೆ, ನೀರು ಸ್ವಲ್ಪ ಜಾಸ್ತಿ ಹಾಕಿ. ಬೇಳೆ ಬೇಯಲು ಪ್ರೆಶರ್ ಕುಕ್ಕರೇ ಬೇಕು, ಇಲ್ಲದಿದ್ದರೆ ಹೆಸರುಬೇಳೆಯಲ್ಲೇ ಮುಗಿಸಿ. ನವಾಹೋ ನೆಲದಲ್ಲಿ ಫ್ರೈ ಬ್ರೆಡ್ ಸಿಗುತ್ತೆ, ಮಗನಿಗೆ ಇಷ್ಟ ಆಗುತ್ತೆ. ಕೆಲವರು ಹಂದಿ ಕೊಬ್ಬಿನಲ್ಲಿ ಕರಿಯುತ್ತಾರೆ, ಮೇಲೆ ಹಾಕುವ ಹುರುಳಿಕಾಯಿ ಬೀಜದ ಸಾರಿನಲ್ಲಿ ಮಾಂಸ ಇರುವುದೂ ಉಂಟು. ಕೇಳಿ ತಗೊಳ್ಳಿ.

ಮಗನಿಗೆ ಪ್ರತಿ ಪಾರ್ಕಿನ ವಿಸಿಟರ್ ಸೆಂಟರ್‌ನಲ್ಲಿ ಜೂನಿಯರ್ ರೇಂಜರ್ ಪುಸ್ತಕ ಕೇಳಿ. ತುಂಬಿಸಿ ಕೊಟ್ಟರೆ ರೇಂಜರ್ ಪ್ರಮಾಣ ಮಾಡಿಸಿ ಬ್ಯಾಡ್ಜ್ ಕೊಡುತ್ತಾರೆ. ಅವನಿಗೆ ಇನ್ನೊಂದು ತೋರಿಸಿ. ದಾರಿ ಪಕ್ಕದ ಮರಳಿನ ಮೇಲೆ ಅಲ್ಲಲ್ಲಿ ಕಪ್ಪು ಹೊಪ್ಪಳೆ ಇರುತ್ತೆ, ಬಗ್ಗಿ ನೋಡಿದರೆ ಸಣ್ಣ ಸಣ್ಣ ಗೋಪುರಗಳ ಹಾಗೆ ಎದ್ದಿರುತ್ತೆ. ಅದು ಕೊಳಕಲ್ಲ, ಜೀವ ಇರುವ ಮಣ್ಣು. ಕಣ್ಣಿಗೆ ಕಾಣದ ಜೀವಿಗಳು, ಪಾಚಿ, ಕಲ್ಲುಹೂ ಸೇರಿ ಮರಳನ್ನು ಹಿಡಿದಿಟ್ಟಿವೆ. ಮಳೆ ನೀರು ನಿಲ್ಲುವುದು, ಗಿಡ ಬೇರು ಬಿಡುವುದು ಅದರಿಂದಲೇ. ಒಂದು ಹೆಜ್ಜೆ ಇಟ್ಟರೆ ಪುಡಿಯಾಗುತ್ತೆ, ಮತ್ತೆ ಬೆಳೆಯಲು ಹತ್ತಾರು ವರ್ಷ ಬೇಕು. ಫೋಟೊಗೆ ಅಂತ ದಾರಿ ಬಿಟ್ಟು ಇಳಿಯುವವರನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತೆ. ನೀವು ಇಳಿಯಬೇಡಿ.

ರಾತ್ರಿ ಓಡಿಸಬೇಡಿ. ಜಿಂಕೆ, ದನ ರಸ್ತೆಗೆ ಬರುತ್ತವೆ, ದೂರದವರೆಗೆ ದೀಪ ಇಲ್ಲ. ಜುಲೈಗೆ ಹೋದರೆ ಮಳೆಗಾಲ ಶುರುವಾಗುತ್ತೆ, ಎಲ್ಲೋ ಬಿದ್ದ ಮಳೆಗೆ ಇಲ್ಲಿ ಕಿರುಕಣಿವೆ ತುಂಬಿ ನುಗ್ಗುತ್ತೆ. ಜೂನ್ ಕೊನೆಗೆ ಆ ಭಯ ಕಡಿಮೆ, ಆದರೂ ದಿನಾ ಬೆಳಗ್ಗೆ ಹವಾಮಾನ ನೋಡಿ.

ಕೊನೆಗೆ ದುಡ್ಡಿನ ಮಾತು. 2026ರ ಜನವರಿಯಿಂದ ಲೆಕ್ಕ ಬದಲಾಗಿದೆ. ಅಮೆರಿಕದಲ್ಲಿ ವಾಸಿಸುವವರಿಗೆ ವರ್ಷದ ಪಾಸ್ 80 ಡಾಲರ್, ಹೊರದೇಶದವರಿಗೆ 250 ಡಾಲರ್. ಪಾಸ್ ಇಲ್ಲದ ಹೊರದೇಶದವರು 11 ಪಾರ್ಕುಗಳಲ್ಲಿ, 16 ವರ್ಷ ತುಂಬಿದ ಪ್ರತಿಯೊಬ್ಬರಿಗೆ 100 ಡಾಲರ್ ಹೆಚ್ಚು ಕೊಡಬೇಕು. ನಿಮ್ಮ ದಾರಿಯ ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಮೂರೂ ಆ ಪಟ್ಟಿಯಲ್ಲಿವೆ. ಅಪ್ಪ-ಅಮ್ಮನಿಗೆ ಪಾಸ್ ಇಲ್ಲದೆ ಹೋದರೆ ಬರೀ ಈ ಹೆಚ್ಚುವರಿಯೇ 600 ಡಾಲರ್. ಅದಕ್ಕಿಂತ ಪಾಸ್ ತಗೊಳ್ಳುವುದೇ ಲಾಭ. ನಿಮ್ಮ 80ರ ಪಾಸ್ ಒಂದೇ ಗಾಡಿಯಲ್ಲಿರುವ ಅವರಿಗೂ ನಡೆಯುತ್ತಾ, ಅವರ ಹೆಸರಿನಲ್ಲಿ 250ರದ್ದೇ ಬೇಕಾ ಅಂತ ಮೊದಲು ಪಾರ್ಕಿನ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ. ಪಾಸ್‌ಪೋರ್ಟ್, ನಿಮ್ಮ ಲೈಸೆನ್ಸ್ ಕೈಗೆ ಸಿಗುವ ಹಾಗಿರಲಿ, ಗೇಟಿನಲ್ಲಿ ಕೇಳುತ್ತಾರೆ. ಬುಕಿಂಗ್‌ನಲ್ಲಿ ಮೊದಲು ಗ್ರ್ಯಾಂಡ್ ಕ್ಯಾನ್ಯನ್ ಒಳಗಿನ ರೂಮ್ ನೋಡಿ. ಅವು ಒಂದು ವರ್ಷ ಮುಂಚೆಯೇ ತೆರೆಯುತ್ತವೆ, ಆದರೆ ರದ್ದಾದ ರೂಮುಗಳು ಆಗಾಗ ಸಿಗುತ್ತವೆ, ದಿನಾ ಬೆಳಗ್ಗೆ ಒಂದು ಸಲ ನೋಡುತ್ತಿರಿ. ಆಮೇಲೆ ಮಾನ್ಯುಮೆಂಟ್ ವ್ಯಾಲಿ, ಅಲ್ಲಿ ಹೋಟೆಲೇ ಕಡಿಮೆ. ಟೋರಿ, ಬ್ರೈಸ್, ಝಯಾನ್ ಪಕ್ಕದ ಸ್ಪ್ರಿಂಗ್‌ಡೇಲ್ ಕೊನೆಗೆ ಮಾಡಿದರೂ ನಡೆಯುತ್ತೆ. ಮಂಡಿ ನೋವು ಅಂತ ಹೇಳಿ ಎಲ್ಲಾ ಕಡೆ ನೆಲಮಹಡಿಯ ರೂಮ್ ಕೇಳಿ, ಈ ಕಡೆಯ ಎಷ್ಟೋ ಲಾಡ್ಜುಗಳಲ್ಲಿ ಲಿಫ್ಟ್ ಇಲ್ಲ.